ಹೊಟ್ಟೆಗೆ ಗ್ಯಾಸು, ಹೃದಯಕ್ಕೆ ಹೊರೆ

ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾದರೆ ಬೆಟ್ಟಂಪಾಡಿಯಂಥ ಹಳ್ಳಿಯವರು ಈಗ ಹೆಚ್ಚು ಗಾಬರಿಯಾಗುವುದಿಲ್ಲ. ಪುತ್ತೂರಿಗೋ ಮಂಗಳೂರಿಗೋ ಹೋಗಿ, ಸಣ್ಣ ರಂಧ್ರದಿಂದ ಕ್ಯಾಮರಾ ಒಳಬಿಟ್ಟು ಮಾಡುವ ಲ್ಯಾಪ್ರೋಸ್ಕೋಪಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಈ ವಿಧಾನದಲ್ಲಿ ಪಿತ್ತಕೋಶ ತೆಗೆದಾಗ ಅದು ದೇಶಕ್ಕೇ ಹೊಸತು. ಗಾಯ ಸಣ್ಣದು ನಿಜ. ಆದರೆ ಗಾಯ ಸಣ್ಣದಾದ ಮಾತ್ರಕ್ಕೆ ಹೃದಯದ ಕೆಲಸ ಸಣ್ಣದಾಗುವುದಿಲ್ಲ, ಅದರಲ್ಲೂ ದೇಹ ಭಾರವಾಗಿದ್ದರೆ. ಬೊಜ್ಜು ಇದ್ದವರಿಗೆ ಪಿತ್ತದ ಕಲ್ಲು ಆಗುವುದೂ ಹೆಚ್ಚು.

ಒಳಗೆ ಕ್ಯಾಮರಾ ಓಡಾಡಲು ಜಾಗ ಬೇಕಲ್ಲ, ಅದಕ್ಕೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸ. ತೆಳ್ಳಗಿನವರ ಹೊಟ್ಟೆಯಲ್ಲಿ ಮೊದಲೇ ಇರುವ ಒತ್ತಡ 5ರ ಒಳಗೆ. ತುಂಬಾ ದಪ್ಪಗಿದ್ದವರಲ್ಲಿ ಅದು 9–10ರ ಹತ್ತಿರ ಇರುತ್ತದೆ. ಅವರ ಹೃದಯ ಆಪರೇಷನ್ನಿಗೆ ಮೊದಲೇ ಓವರ್‌ಟೈಮ್ ಮಾಡುತ್ತಿರುತ್ತದೆ: ರಕ್ತದ ಪ್ರಮಾಣ ಹೆಚ್ಚು, ಪ್ರತಿ ನಿಮಿಷ ಒತ್ತಬೇಕಾದದ್ದೂ ಹೆಚ್ಚು. ವರ್ಷಗಳು ಕಳೆದಂತೆ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗುತ್ತದೆ.

ತೋಟದ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಕೆರೆಯಿಂದ ನೀರೆಳೆಯುವ ಪೈಪು ಚಪ್ಪಟೆಯಾದರೆ ಮೋಟಾರು ಎಷ್ಟು ಓಡಿದರೂ ನೀರು ಕಡಿಮೆ. ಅತ್ತ ಸ್ಪ್ರಿಂಕ್ಲರ್ ಬಾಯಿ ಕಟ್ಟಿಕೊಂಡರೆ ಮೋಟಾರಿಗೆ ಹೊರೆ. ಗ್ಯಾಸು ಎರಡನ್ನೂ ಒಟ್ಟಿಗೇ ಮಾಡುತ್ತದೆ. ಮೊದಲ ಕ್ಷಣಗಳಲ್ಲಿ ಕರುಳು, ಯಕೃತ್ತಿನ ರಕ್ತ ಹಿಂಡಿ ಬಂದು ಹೃದಯಕ್ಕೆ ಸ್ವಲ್ಪ ಹೆಚ್ಚೇ ಸಿಗಬಹುದು. ಒತ್ತಡ ಏರಿದಂತೆ ಕಾಲಿನ ಕಡೆಯಿಂದ ರಕ್ತ ತರುವ ಮಹಾಸಿರೆ ಅದುಮಲ್ಪಡುತ್ತದೆ. ಅಪಧಮನಿಗಳು ಬಿಗಿಯಾಗಿ ಬಿಪಿ ಏರುತ್ತದೆ. ಪಿತ್ತಕೋಶದ ಆಪರೇಷನ್ನಿಗೆ ತಲೆ ಮೇಲೆ, ಕಾಲು ಕೆಳಗೆ ಬರುವಂತೆ ಮೇಜು ಓರೆ ಮಾಡಿದಾಗ ರಕ್ತ ಕಾಲಲ್ಲೇ ನಿಲ್ಲುತ್ತದೆ. ಹೆಪ್ಪುಗಟ್ಟದಿರಲಿ ಎಂದು ಕಾಲಿಗೆ ಬಿಗಿ ಪಟ್ಟಿ ಹಾಕುವುದು ಅದಕ್ಕೇ. ರಕ್ತಕ್ಕೆ ಸೇರಿದ ಗ್ಯಾಸನ್ನು ಶ್ವಾಸಕೋಶ ಹೊರಹಾಕಬೇಕು. ಅದು ಉಳಿದರೆ ನಾಡಿ ಚುರುಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಟ್ಟೆಯ ಒಳಪೊರೆ ಒಮ್ಮೆಲೇ ಎಳೆದುಕೊಂಡರೆ ನಾಡಿ ಧುತ್ತೆಂದು ಇಳಿಯುವುದೂ ಉಂಟು. ಆಗ ಗ್ಯಾಸನ್ನು ಹೊರಬಿಟ್ಟು, ನಾಡಿ ಏರಿಸುವ ಅಟ್ರೋಪಿನ್ ಕೊಡುತ್ತಾರೆ.

ಇಲ್ಲಿ ಅರಿವಳಿಕೆ ವೈದ್ಯರ ಜಾಣ್ಮೆ ಸಣ್ಣ ಸಂಗತಿಗಳಲ್ಲಿದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಅಗಲದ ಪಟ್ಟಿಯೇ ಬೇಕು. ಗ್ಯಾಸು ನಿಧಾನ ತುಂಬಬೇಕು, ಮೇಜನ್ನೂ ನಿಧಾನವೇ ಓರೆ ಮಾಡಬೇಕು.

ಇಷ್ಟೆಲ್ಲ ಓದಿ ಲ್ಯಾಪ್ರೋಸ್ಕೋಪಿಯೇ ಬೇಡ ಎನ್ನುವುದು ತಪ್ಪು. ಹೃದಯ ಚೆನ್ನಾಗಿದ್ದರೆ ದಪ್ಪಗಿದ್ದವರೂ ಇದನ್ನು ತಾಳಿಕೊಳ್ಳುತ್ತಾರೆ, ಗ್ಯಾಸು ತೆಗೆದ ಮೇಲೆ ಬದಲಾವಣೆಗಳು ಬಹುತೇಕ ಇಳಿಯುತ್ತವೆ. ದೊಡ್ಡ ಗಾಯದ ಆಪರೇಷನ್ನೇ ಅವರಿಗೆ ಹೆಚ್ಚು ಕಷ್ಟ: ಕೊಬ್ಬಿನ ಪದರದಲ್ಲಿ ಕೀವು, ನೋವಿಗೆ ಉಸಿರು ಎಳೆಯಲಾಗದೆ ಕಫ. ಹೃದಯ ಮೊದಲೇ ಸೋತವರ ಲೆಕ್ಕ ಬೇರೆ. ಅವರಿಗೆ ಮೊದಲು ಹೃದಯದ ಎಕೋ ಸ್ಕ್ಯಾನ್ ಆಗಬೇಕು, ಗ್ಯಾಸಿನ ಒತ್ತಡವನ್ನು ಆದಷ್ಟು ತಗ್ಗಿಸಬೇಕು.

ಹೃದಯದ ತಾಕತ್ತು ತಿಳಿಯಲು, ಎರಡು ಮಹಡಿ ಮೆಟ್ಟಿಲು ಹತ್ತಬಲ್ಲಿರಾ ಎಂದು ವೈದ್ಯರು ಕೇಳುತ್ತಾರೆ. ಮಹಡಿಯೇ ಇಲ್ಲದ ಹಂಚಿನ ಮನೆಯವರು ಏನೆಂದಾರು? ತೋಟದಿಂದ ಮನೆಗೆ ಗುಡ್ಡ ಏರುವಾಗ ಎಷ್ಟು ಸಲ ನಿಲ್ಲುತ್ತೇನೆ ಎಂದು ಹೇಳಿದರೆ ಸಾಕು. ವೈದ್ಯರ ಇನ್ನೊಂದು ಪ್ರಶ್ನೆ, ರಾತ್ರಿ ಗೊರಕೆ ನಡುವೆ ಉಸಿರು ನಿಲ್ಲುತ್ತದೆಯೇ ಎಂಬುದು; ಅದನ್ನು ಮಾತ್ರ ಪಕ್ಕದಲ್ಲಿ ಮಲಗುವವರೇ ಹೇಳಬೇಕು. ವೈದ್ಯರನ್ನು ನೋಡಲು ಹೋಗುವಾಗ ಅವರೂ ಜೊತೆಗಿರಲಿ.