ಆನೆಯ ಕ್ಲೇಶವನ್ನು ಅಳೆಯುವ ಬಗೆ



ಈ ಸಂಚಿಕೆಗೆ ವಿಜ್ಞಾನ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಉಪಾಧ್ಯಾಯಿನಿಯರು ಕೇಳಿದಾಗ, ದೂರದ ಸಂಗತಿಯನ್ನು ಬಿಟ್ಟು ನಮ್ಮ ಸೀಮೆಗೇ ಸಂಬಂಧಪಟ್ಟ ಒಂದು ಸಂಶೋಧನೆಯನ್ನು ಕುರಿತು ಬರೆಯುವುದು ಉಚಿತವೆಂದು ನನಗೆ ತೋರಿತು. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ಮನೆಗಳಲ್ಲಿ ಆನೆಯೆಂದರೆ ದಸರೆಯ ಅಂಬಾರಿಯ ಆನೆ. ಅರಕಲಗೂಡು, ಆಲೂರು, ಸಕಲೇಶಪುರಗಳ ಕಡೆಯಲ್ಲಿಯೋ ಅದು ರಾತ್ರಿ ಗದ್ದೆಗಿಳಿಯುವ ಆನೆ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಬಾಲಕಿಯರಲ್ಲಿ ಈ ಒಂದು ಶಬ್ದವು ಒಬ್ಬಳ ಮುಖವನ್ನು ಅರಳಿಸಿ ಇನ್ನೊಬ್ಬಳ ಮುಖವನ್ನು ಬಾಡಿಸುವುದನ್ನು ನಾನು ಪಾಠ ಹೇಳುವಾಗ ಕಂಡಿದ್ದೇನೆ.

ಮೂಕಪ್ರಾಣಿಗೆ ಕ್ಲೇಶವುಂಟೆಂಬುದನ್ನು ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಸಬರು ಕರೆಯಲು ಕುಳಿತರೆ ಹಸುವು ಹಾಲನ್ನು ತಡೆಹಿಡಿಯುವುದನ್ನು ನೀವೆಲ್ಲರೂ ಬಲ್ಲಿರಿ. ಆದರೆ ಕ್ಲೇಶವುಂಟೆಂದು ಹೇಳುವುದು ಒಂದು, ಅದು ಎಷ್ಟು ಎಂದು ಅಳೆಯುವುದು ಮತ್ತೊಂದು. 1936ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ಒಂದು ಸಂಗತಿಯನ್ನು ಪ್ರಕಟಪಡಿಸಿದನು. ಅದೇನೆಂದರೆ, ಇಲಿಗಳನ್ನು ಚಳಿಯಿಂದಾಗಲಿ, ಗಾಯದಿಂದಾಗಲಿ, ಅತಿಶ್ರಮದಿಂದಾಗಲಿ ಪೀಡಿಸಿದರೆ ಕಾರಣವು ಬೇರೆಬೇರೆಯಾದರೂ ದೇಹವು ತೋರುವ ಪ್ರತಿಕ್ರಿಯೆಯು ಬಹುಮಟ್ಟಿಗೆ ಒಂದೇ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳು ಹಿಗ್ಗುತ್ತವೆ. ಈ ಗ್ರಂಥಿಗಳಿಂದ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಅಪಾಯವು ಎದುರಾದಾಗ ಇವು ಉಪಕಾರಿಗಳೇ. ಓಡುವುದಕ್ಕೂ ಹೋರಾಡುವುದಕ್ಕೂ ಬೇಕಾದ ಶಕ್ತಿಯನ್ನು ಒದಗಿಸುತ್ತವೆ. ತಿಂಗಳುಗಟ್ಟಲೆ ಇಳಿಯದೆ ಏರಿಯೇ ಇದ್ದರೆ ಮಾತ್ರ ಮಾಂಸವು ಕರಗುವುದು, ರೋಗನಿರೋಧ ಶಕ್ತಿಯು ಕುಗ್ಗುವುದು, ಸಂತಾನಕ್ಕೂ ಅಡ್ಡಿಯಾಗುವುದು.

ಇಲಿಯ ರಕ್ತವನ್ನು ತೆಗೆಯಬಹುದು, ಕಾಡಾನೆಯ ರಕ್ತವನ್ನು ತೆಗೆಯುವವರಾರು? ತೆಗೆದರೂ ಹಿಡಿದು ಕಟ್ಟಿದ ಭಯದಿಂದಲೇ ಹಾರ್ಮೋನು ಏರಿಬಿಡುವುದರಿಂದ ಆ ಲೆಕ್ಕವು ನಂಬಿಕೆಗೆ ತಕ್ಕದ್ದಾಗದು. ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯವು ಲದ್ದಿ. ನಗಬೇಡಿರಿ! ರಕ್ತದಲ್ಲಿದ್ದ ಹಾರ್ಮೋನು ಪಿತ್ತಜನಕಾಂಗದಲ್ಲಿ ಮಾರ್ಪಟ್ಟು ಕರುಳಿಗೆ ಬಂದು, ಒಂದೆರಡು ದಿನಗಳ ತರುವಾಯ ಲದ್ದಿಯೊಡನೆ ಹೊರಬೀಳುತ್ತದೆ. ಆದಕಾರಣ ಈ ಹೊತ್ತಿನ ಲದ್ದಿಯು ನಿನ್ನೆ ಮೊನ್ನೆಯ ಸ್ಥಿತಿಯನ್ನು ಹೇಳುತ್ತದೆ. ಆನೆಯು ಅತ್ತ ಹೋದ ಮೇಲೆ ಹಸಿಯಾದ ಲದ್ದಿಯನ್ನು ಕೂಡಲೇ ಆಯ್ದು, ಕೆಡದಂತೆ ತಣ್ಣಗಿಟ್ಟು, ಪ್ರಯೋಗಶಾಲೆಯಲ್ಲಿ ಒಣಗಿಸಿ ಪುಡಿಮಾಡಿ, ಮದ್ಯಸಾರದಲ್ಲಿ ಕಲಸಿ ಸತ್ವವನ್ನು ಇಳಿಸುತ್ತಾರೆ. ಅನಂತರ ಅದರಲ್ಲಿರುವ ಹಾರ್ಮೋನಿನ ಅಂಶವನ್ನು ಬಣ್ಣದ ಗಾಢತೆಯಿಂದ ಎಣಿಸುತ್ತಾರೆ. ಆನೆಯನ್ನು ಮುಟ್ಟಿದ್ದೂ ಇಲ್ಲ, ಬೆದರಿಸಿದ್ದೂ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕಾರ್ಯವನ್ನು ಮಾಡಿದವರು ಸಂಜೀತಾ ಶರ್ಮಾ ಪೋಖರೇಲ್ ಎಂಬ ಮಹಿಳೆ. ಅವರೊಡನೆ ಪಿ. ಬಿ. ಶೇಷಗಿರಿಯವರೂ ಆನೆಗಳ ವಿಷಯದಲ್ಲಿ ಲೋಕಪ್ರಸಿದ್ಧರಾದ ರಾಮನ್ ಸುಕುಮಾರ್ ಅವರೂ ಇದ್ದರು. ನಮ್ಮ ಹುಡುಗಿಯರು ಈ ಹೆಸರನ್ನು ನೆನಪಿನಲ್ಲಿಡಲೆಂದು ಬೇಕೆಂದೇ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ಪ್ರಾಣಿಶಾಸ್ತ್ರವೇಕೆ ಎಂದು ನನ್ನನ್ನು ಕೇಳಿದ ತಂದೆಯರು ಇದ್ದಾರೆ. ಬಂಡೀಪುರ ಮತ್ತು ಮುದುಮಲೈ ಕಾಡುಗಳಲ್ಲಿ 261 ಆನೆಗಳ 307 ಮಾದರಿಗಳನ್ನು ಇವರು ಸಂಗ್ರಹಿಸಿ, ಆಯಾ ಆನೆಯ ಮೈಯಲ್ಲಿ ಎಲುಬುಗಳು ಎಷ್ಟು ಎದ್ದು ಕಾಣುತ್ತವೆಂಬುದನ್ನೂ ಗುರುತು ಹಾಕಿಕೊಂಡರು. 2017ರಲ್ಲಿ ಪ್ರಕಟವಾದ ಫಲವು ಇದು: ಬೇಸಗೆಯಲ್ಲಿ ಮೇವು ಒಣಗಿ ಮೈ ಇಳಿದ ಆನೆಗಳಲ್ಲಿ ಕ್ಲೇಶದ ಹಾರ್ಮೋನು ಹೆಚ್ಚು, ಮಳೆ ಬಂದು ಮೈ ತುಂಬಿಕೊಂಡ ಮೇಲೆ ಕಡಿಮೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಶ್ಚರ್ಯವಿರುವುದು 2019ರಲ್ಲಿ ಪ್ರಕಟವಾದ ಎರಡನೆಯ ಸಂಶೋಧನೆಯಲ್ಲಿ. ನಾಗರಹೊಳೆ, ಬಂಡೀಪುರಗಳ ರಕ್ಷಿತ ಅರಣ್ಯದ ಆನೆಗಳನ್ನು ಅವರು ನಮ್ಮ ಹಾಸನ ಸೀಮೆಯ ಬೆಳೆಭೂಮಿಯಲ್ಲಿ ತಿರುಗುವ ಆನೆಗಳೊಡನೆ ಹೋಲಿಸಿದರು. ಪಟಾಕಿ, ದೀವಟಿಗೆ, ಕೂಗು, ಬೆನ್ನಟ್ಟುವ ಜನ ಇವುಗಳ ನಡುವೆ ಬಾಳುವ ನಮ್ಮ ಆನೆಗಳಿಗೆ ಕ್ಲೇಶವು ಅಧಿಕವಾಗಿರಬೇಕೆಂದು ಯಾರಾದರೂ ಊಹಿಸುವರು. ಕಂಡದ್ದು ಇದಕ್ಕೆ ವಿರುದ್ಧ. ಬೆಳೆ ತಿನ್ನುವ ಆನೆಗಳಲ್ಲಿಯೇ ಹಾರ್ಮೋನು ಕಡಿಮೆಯಾಗಿತ್ತು! ಕಾರಣವು ಅದೇ ಲದ್ದಿಯಲ್ಲಿ ದೊರಕಿತು. ಅದರಲ್ಲಿನ ಇಂಗಾಲ ಮತ್ತು ಸಾರಜನಕಗಳ ಪ್ರಮಾಣವನ್ನು ನೋಡಿದರೆ ತಿಂದ ಮೇವಿನ ಪುಷ್ಟಿಯು ತಿಳಿಯುವುದು. ಕಾಡಿನಲ್ಲಿ ಲಾಂಟಾನ ಗಿಡವು ಹಬ್ಬಿ ಹುಲ್ಲನ್ನು ಅಡಗಿಸಿರುವಲ್ಲಿ ಆನೆಯು ದಿನವೆಲ್ಲ ಅಲೆದು ಹೊಟ್ಟೆ ಹೊರೆಯಬೇಕು. ಹಾಲು ತುಂಬಿದ ಭತ್ತದ ಗದ್ದೆಯಲ್ಲಿಯಾದರೋ ಒಂದೇ ರಾತ್ರಿಗೆ ಹೊಟ್ಟೆ ತುಂಬುವುದು. ಮನುಷ್ಯರ ಭಯವು ತಂದ ಕ್ಲೇಶವನ್ನು ಒಳ್ಳೆಯ ಆಹಾರವು ಶಮನಗೊಳಿಸುತ್ತಿರಬಹುದೆಂಬುದು ಅವರ ಅಭಿಪ್ರಾಯ.

ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಹಾಗಾದರೆ ಅಮ್ಮಾವರೇ, ಆನೆಗೆ ನಮ್ಮ ಗದ್ದೆಯಲ್ಲೇ ಸುಖವೇ?” ಎಂದು ಕೇಳಿದಳು. ಅವರ ಮನೆಯ ಭತ್ತವು ಆ ವರ್ಷ ಕಣಕ್ಕೆ ಬಂದಿರಲಿಲ್ಲ. ನಾನು ತಡೆದು ಉತ್ತರ ಕೊಡಬೇಕಾಯಿತು. ಹಾರ್ಮೋನು ಕಡಿಮೆಯೆಂಬುದೂ ಸುಖವೆಂಬುದೂ ಒಂದೇ ಅಲ್ಲ. ತೋಟದಲ್ಲಿ ಹೊಟ್ಟೆ ತುಂಬಿದ ಆನೆಯನ್ನೇ ವಿದ್ಯುತ್ತಂತಿಯು ಕೊಲ್ಲಬಲ್ಲದು. ಮೇಲಾಗಿ ಲದ್ದಿಯು ಆನೆಯ ಲೆಕ್ಕವನ್ನು ಮಾತ್ರ ಕೊಡುತ್ತದೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾದು ಕುಳಿತವನ ಕ್ಲೇಶವು ಅದರಲ್ಲಿಲ್ಲ. ಆದರೂ ಈ ಶೋಧದಿಂದ ರೈತನಿಗೂ ತಿಳಿಯತಕ್ಕ ಒಂದು ಮಾತುಂಟು: ಇಷ್ಟು ಒಳ್ಳೆಯ ಮೇವನ್ನು ಕಂಡುಕೊಂಡ ಆನೆಯು ಬರಿಯ ಗದ್ದಲಕ್ಕೆ ಹೆದರಿ ಅದನ್ನು ಬಿಟ್ಟುಹೋಗುವುದೆಂದು ನಂಬುವುದು ಕಷ್ಟ.

ಹಿಡಿದು ಬೇರೆಡೆಗೆ ಬಿಡಬಾರದೇ ಎಂದು ತಾಯ್ತಂದೆಗಳು ಕೇಳುತ್ತಾರೆ. 2012ರಲ್ಲಿ ಸುಕುಮಾರ್ ಅವರ ಅಧ್ಯಕ್ಷತೆಯ ಕಾರ್ಯಪಡೆಯು ಆಲೂರು ಭಾಗದ ಆನೆಗಳನ್ನು ಹಿಡಿಯಬೇಕೆಂದು ಸಲಹೆಮಾಡಿ, 2014ರಲ್ಲಿ 22 ಆನೆಗಳನ್ನು ಹಿಡಿದದ್ದು ಅನೇಕರಿಗೆ ನೆನಪಿರಬಹುದು. ಆ ಮೇಲೆಯೂ ಆನೆಗಳ ಬರವು ನಿಲ್ಲಲಿಲ್ಲ. ಶ್ರೀಲಂಕೆಯಲ್ಲಿ ಹೀಗೆ ಸಾಗಿಸಿದ ಗಂಡಾನೆಗಳ ಕೊರಳಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿ ನೋಡಿದವರು, ಕೆಲವು ಹಳೆಯ ಸ್ಥಳಕ್ಕೆ ಹಿಂದಿರುಗಿದುವೆಂದೂ, ಕೆಲವು ಅಲೆಯುತ್ತ ಹೊಸ ಊರುಗಳಿಗೆ ನುಗ್ಗಿದುವೆಂದೂ 2012ರಲ್ಲಿ ಬರೆದರು.

ಸಾಕಿದ ಆನೆಯ ಪಾಡೇನು? ಹೈದರಾಬಾದಿನ ವಿಜ್ಞಾನಿಗಳು ಇದೇ ಲದ್ದಿಯ ಕ್ರಮದಿಂದ ಪರೀಕ್ಷಿಸಿ, ಮೆರವಣಿಗೆಗೂ ಧಾರ್ಮಿಕ ಉತ್ಸವಗಳಿಗೂ ಹೋಗುವ ಆನೆಗಳಲ್ಲಿ ಕ್ಲೇಶದ ಹಾರ್ಮೋನು ಅಧಿಕವೆಂದು 2019ರಲ್ಲಿ ಪ್ರಕಟಿಸಿದರು. ದಸರೆಯ ಆನೆಗಳೂ ಆ ಪರೀಕ್ಷೆಯಲ್ಲಿದ್ದುವು. 2012ರಿಂದ 2019ರ ವರೆಗೆ ಎಂಟು ಸಲ ಅಂಬಾರಿಯನ್ನು ಹೊತ್ತ ಅರ್ಜುನನನ್ನು ನೀವು ಮೈಸೂರಿನಲ್ಲಿ ಕಂಡಿರಬಹುದು. ಅವನು 2023ರ ಡಿಸೆಂಬರ್ 4ರಂದು ನಮ್ಮ ಜಿಲ್ಲೆಯ ಯಸಳೂರಿನ ಬಳಿ, ಕಾಡಾನೆಗಳನ್ನು ಹಿಡಿಯುವ ಕಾರ್ಯದಲ್ಲಿ, ಸಲಗವೊಂದರೊಡನೆ ಹೋರಾಡುತ್ತ ಸತ್ತನು. ಮೊದಲಲ್ಲಿ ಹೇಳಿದ ಎರಡು ಬಗೆಯ ಆನೆಗಳು ಆ ದಿನ ಒಂದೇ ಕಡೆ ಎದುರಾದುವು.

ನಮ್ಮ ಸೀಮೆಯಲ್ಲಿ ಕೆಲವು ಹಿಂಡುಗಳ ಹೆಣ್ಣಾನೆಗಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಪಟ್ಟಿಗಳನ್ನು ತೊಡಿಸಿ, ಹಿಂಡು ಎಲ್ಲಿದೆಯೆಂಬುದನ್ನು ದೂರವಾಣಿಯ ಮೂಲಕ ಊರವರಿಗೆ ತಿಳಿಸುವ ಕ್ರಮವುಂಟು. ಶನಿವಾರ ಮಧ್ಯಾಹ್ನ ಊರಿಗೆ ಹೊರಡುವ ವಿದ್ಯಾರ್ಥಿನಿಲಯದ ಹುಡುಗಿಯರನ್ನು, ಅಂತಹ ಸುದ್ದಿ ಬಂದ ದಿನ, ಮನೆಯಿಂದ ಯಾರಾದರೂ ಬಂದು ಕರೆದುಕೊಂಡು ಹೋಗುವ ವರೆಗೆ ನಾವು ಕಳುಹಿಸುವುದಿಲ್ಲ.