ಬಾಗಿನ ಭಾರವಾಗಬಾರದು

ಗೌರಿ ಹಬ್ಬ ಹತ್ತಿರ ಬಂತು. ಇವತ್ತು ವಿಧಾನಸೌಧದ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಅಣ್ಣತಮ್ಮಂದಿರ ತಲೆಯಲ್ಲಿ ಓಡ್ತಾ ಇರೋ ಒಂದು ಲೆಕ್ಕದ ಬಗ್ಗೆ ಮಾತಾಡೋಣ. ತಂಗಿಗೆ ಬಾಗಿನ ಕೊಡಬೇಕು, ಕೈಯಲ್ಲಿ ಕಾಸಿಲ್ಲ. ಏನು ಮಾಡೋದು?

ಕಾಸು ಯಾಕಿಲ್ಲ ಅನ್ನೋದು ಮೊದಲು ಅರ್ಥವಾಗಬೇಕು. ಹಬ್ಬ ಬರೋದು ಭಾದ್ರಪದ ಶುದ್ಧ ತದಿಗೆಗೆ, ಅಂದರೆ ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರ್. ಆ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಇನ್ನೂ ಬ್ಯಾರನ್‌ನಲ್ಲಿ ಬೇಯ್ತಾ ಇರುತ್ತೆ. ಗೊಬ್ಬರ, ಸೌದೆ, ಕೂಲಿ ಅಂತ ದುಡ್ಡೆಲ್ಲ ಖರ್ಚಾಗಿರುತ್ತೆ. ತಂಬಾಕು ಮಂಡಳಿಯ ಹರಾಜು ಶುರುವಾಗೋದು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್‌ನಲ್ಲೋ. ಕೆ.ಆರ್.ನಗರದ ನಾಲೆ ಬಯಲಲ್ಲಿ ಭತ್ತದ ನಾಟಿ ಆಗಷ್ಟೇ ಮುಗಿದಿರುತ್ತೆ. ಕೋಟೆ ಕಡೆ ರಾಗಿ ಇನ್ನೂ ಪೈರು. ಖರ್ಚೆಲ್ಲ ಆಗಿದೆ, ಆದಾಯ ಇನ್ನೂ ಬಂದಿಲ್ಲ. ಸರಿಯಾಗಿ ಆ ಸಂದಿಯಲ್ಲೇ ಹಬ್ಬ ಬಂದು ಬಾಗಿಲಲ್ಲಿ ನಿಲ್ಲುತ್ತೆ.

ಆಗ ಸಾಲ. ಒಂದು ಉದಾಹರಣೆ ತಗೊಳ್ಳಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಗೆ 5,000 ರೂಪಾಯಿ ಕೈಸಾಲ ತಂದಿರಿ ಅಂತಿಟ್ಟುಕೊಳ್ಳಿ. ಹರಾಜಿನ ದುಡ್ಡು ಬಂದು, ಗೊಬ್ಬರದ ಅಂಗಡಿ ಬಾಕಿ ತೀರಿ, ಈ ಸಾಲದ ಸರದಿ ಬರೋ ಹೊತ್ತಿಗೆ ಆರು ತಿಂಗಳು. ಬಡ್ಡಿಯೇ 900 ರೂಪಾಯಿ! ಕಿರುಸಾಲದ ವಸೂಲಿ ಕಿರುಕುಳ ಎಷ್ಟರಮಟ್ಟಿಗೆ ಹೋಗಿತ್ತು ಅಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯೋದಕ್ಕೆ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಬಾಗಿನದ ಹೆಸರಲ್ಲಿ ಆ ಕುಣಿಕೆಗೆ ಕೊರಳು ಕೊಡಬೇಕಾ?

ನಾನು ಹೇಳೋದು ಇಷ್ಟೇ: ಬಾಗಿನ ದುಬಾರಿ ಅಲ್ಲ. ಅದರ ಮೇಲೆ ನಾವು ಪೇರಿಸಿರೋದು ದುಬಾರಿ.

ಮೊರದ ಬಾಗಿನದಲ್ಲಿ ಏನಿರುತ್ತೆ ನೋಡಿ. ಮೇದರು ಬಿದಿರಿನಲ್ಲಿ ಹೆಣೆದ ಒಂದು ಜೊತೆ ಮೊರ. ಒಂದರಲ್ಲಿ ಸಾಮಾನು, ಇನ್ನೊಂದು ಮುಚ್ಚಳ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ, ಒಂದು ರವಿಕೆ ಕಣ. ಊರೂರಿಗೆ ಪದ್ಧತಿ ಸ್ವಲ್ಪ ಬೇರೆ ಇರಬಹುದು. ಆದರೆ ಇದರಲ್ಲಿ ಅರ್ಧ, ರೈತನ ಮನೆಯಲ್ಲೇ ಇರೋ ಪದಾರ್ಥ. ರೇಷ್ಮೆ ಸೀರೆ, ಬೆಳ್ಳಿ ತಟ್ಟೆ, ದಪ್ಪ ಕವರು ಇದರಲ್ಲಿ ಎಲ್ಲಿದೆ? ಕಬಿನಿ ತುಂಬಿದಾಗ ಮುಖ್ಯಮಂತ್ರಿಗಳು ಕೋಟೆ ತಾಲ್ಲೂಕಿನ ಬೀಚನಹಳ್ಳಿಗೆ ಬಂದು ಅರ್ಪಿಸೋದೂ ಮೊರದ ಬಾಗಿನವನ್ನೇ. ಹೊಳೆಗೆ ಸಲ್ಲೋದು ತಂಗಿಗೆ ಸಲ್ಲೋದಿಲ್ವಾ?

ಹಾಗಾದರೆ ಹೇಗೆ ಕೊಡಬೇಕು? ಮೊದಲನೇದು, ಮೊರವನ್ನು ಹೆಣೆಯೋರ ಹತ್ತಿರವೇ ತಗೊಳ್ಳಿ, ಚೌಕಾಸಿ ಬೇಡ. ಅವರ ಮನೆಗೂ ಹಬ್ಬ ಬರಬೇಕು. ಎರಡನೇದು, ತುಂಬೋದನ್ನು ಮನೆಯಿಂದ ತುಂಬಿ. ಕೆ.ಆರ್.ನಗರದ ತಂಗಿಗೆ ಅಕ್ಕಿ ಹೊಸದಲ್ಲ, ಆದರೆ ಅಪ್ಪ ಬಿತ್ತಿದ ಗದ್ದೆಯ ಅಕ್ಕಿ ಅಂದರೆ ಅದರ ರುಚಿಯೇ ಬೇರೆ. ತವರಿನ ಹಿತ್ತಲ ತೆಂಗಿನಕಾಯಿಯೂ ಹಾಗೇ. ಮೂರನೇದು, ದುಡ್ಡು ಕೊಟ್ಟು ತರೋದು ಒಂದೇ ವಸ್ತು ಇರಲಿ, ಅದು ಅವಳಿಗೆ ಬೇಕಾದ್ದಾಗಿರಲಿ. ರಾತ್ರಿಯೆಲ್ಲ ಬ್ಯಾರನ್ ಕಾಯೋ ತಂಗಿಗೆ ಒಳ್ಳೇ ಟಾರ್ಚ್, ಮೊಣಕಾಲು ನೋವಿರೋ ಅಕ್ಕನಿಗೆ ಮೆತ್ತನೆ ಚಪ್ಪಲಿ. ಏನು ಬೇಕು ಅಂತ ಫೋನ್ ಮಾಡಿ ಕೇಳೋದ್ರಲ್ಲಿ ನಾಚಿಕೆ ಇಲ್ಲ. ನಾಲ್ಕನೇದು, ಮೂವರು ಅಣ್ಣತಮ್ಮಂದಿರಿದ್ದರೆ ಮೂವರೂ ಸೇರಿ ಒಂದೇ ಬಾಗಿನ ಕೊಡಿ. ಪೈಪೋಟಿ ಬೇಡ.

ಐದನೇದು ಎಲ್ಲಕ್ಕಿಂತ ದೊಡ್ಡದು: ನೀವೇ ಹೋಗಿ. ಯಾರದೋ ಕೈಲಿ ಕಳಿಸಿ, ಫೋನ್‌ಪೇ ಮಾಡಿ ಮುಗಿಸಬೇಡಿ. ಹೋಗಿ, ಜಗಲಿ ಮೇಲೆ ಕೂತು, ಅವಳ ಕೈಯ ಒಬ್ಬಟ್ಟು ತಿಂದು, ಕಷ್ಟ ಸುಖ ಕೇಳಿ ಬನ್ನಿ. ನಿಮಗೆ ಬ್ಯಾರನ್ ಬಿಟ್ಟು ಹೋಗೋಕೆ ಆಗಲ್ವಾ? ಅವಳನ್ನೇ ಕರೆಯಿರಿ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ.

ಗಂಡ ತೀರಿಹೋದ ತಂಗಿಯನ್ನು ಮಾತ್ರ ಪದ್ಧತಿಯ ಹೆಸರಲ್ಲಿ ಬಿಟ್ಟುಬಿಡಬೇಡಿ. ತವರು ನೆನೆಸಿಕೊಳ್ಳಲಿ ಅಂತ ಎಲ್ಲರಿಗಿಂತ ಹೆಚ್ಚು ಕಾಯೋಳು ಅವಳು. ಗೌರಿಯೂ ತವರಿಗೆ ಬರೋ ಮಗಳೇ ತಾನೆ?

ಇನ್ನು ಅತ್ತೆ ಮಾವಂದಿರಿಗೆ ಒಂದು ಮಾತು. "ನಿನ್ನ ತವರಿಂದ ಏನು ಬಂತು?" ಅಂತ ಸೊಸೆಯನ್ನು ಕೇಳೋ ಮುಂಚೆ ಯೋಚಿಸಿ. ಆ ಒಂದು ಪ್ರಶ್ನೆಗೆ ಉತ್ತರ ಕೊಡೋಕೆ ಅವಳ ಅಣ್ಣ ಸಾಲದ ಪತ್ರಕ್ಕೆ ಸಹಿ ಹಾಕ್ತಾನೆ. ನಿಮ್ಮ ಮಗಳೂ ಇನ್ನೊಂದು ಮನೆಯಲ್ಲಿ ಇದೇ ಪ್ರಶ್ನೆ ಕೇಳಿಸಿಕೊಳ್ತಾ ಇರಬಹುದು. ಈ ಸಲ ಬೇರೆ ಪ್ರಶ್ನೆ ಕೇಳಿ: "ಅಣ್ಣ ಬಂದನೇನಮ್ಮ? ಊಟ ಮಾಡಿದನಾ?"

ಗೌರಿ ಹಬ್ಬದ ಶುಭಾಶಯಗಳು.