ಟೊಳ್ಳಾದ ಮರವೆಲ್ಲ ಬೀಳುವ ಮರವಲ್ಲ

ಏಪ್ರಿಲ್–ಮೇ ತಿಂಗಳ ಒಂದು ಸಂಜೆ ಬೆಂಗಳೂರಿನಲ್ಲಿ ಜೋರು ಗಾಳಿಮಳೆ ಬಂತೆಂದರೆ ಯಾವುದಾದರೊಂದು ರಸ್ತೆಗೆ ಅಡ್ಡಲಾಗಿ ಗುಲ್‌ಮೊಹರ್ ಮರವೋ ಮಳೆಮರವೋ ಬಿದ್ದಿರುತ್ತದೆ. ಗರಗಸದವರು ಬಂದು ಕಾಂಡವನ್ನು ತುಂಡು ಮಾಡುತ್ತಾರೆ. ತುಂಡಿನ ನಡುವೆ ಕಂದು ಪುಡಿ, ಬೆರಳಲ್ಲಿ ಒತ್ತಿದರೆ ಕುಸಿಯುವ ಒದ್ದೆ ತಿರುಳು, ಒಂದಿಷ್ಟು ಗೆದ್ದಲು. ‘ನೋಡಿ, ಒಳಗೆಲ್ಲ ಪೊಳ್ಳು, ಮೊದಲೇ ಕಡಿಯಬೇಕಿತ್ತು’ ಎಂದು ನೆರೆದವರು ತೀರ್ಪು ಕೊಡುತ್ತಾರೆ. ಕಣ್ಣೆದುರಿನ ಸಾಕ್ಷಿಗೆ ಅದು ಸರಿಯಾದ ತೀರ್ಪೇ. ಆದರೆ ನಾವು ಒಡಲು ಬಗೆದು ನೋಡುವುದು ಬಿದ್ದ ಮರವನ್ನು ಮಾತ್ರ. ಅದೇ ಸಾಲಿನಲ್ಲಿ, ಅದೇ ಗಾಳಿಗೆ ತೂಗಾಡಿ, ಬೀಳದೆ ನಿಂತ ಮರಗಳ ಒಳಗೇನಿದೆ ಎಂದು ಯಾರೂ ಇಣುಕುವುದಿಲ್ಲ. ಇಣುಕಿದ್ದರೆ ಅವುಗಳಲ್ಲೂ ಎಷ್ಟೋ ಟೊಳ್ಳಾಗಿರುವುದು ಕಾಣುತ್ತಿತ್ತು. ಹಾಗಾಗಿ ಕೇಳಬೇಕಾದ್ದು ಮರ ಟೊಳ್ಳೋ ಗಟ್ಟಿಯೋ ಎಂದಲ್ಲ. ಎಷ್ಟು ಟೊಳ್ಳು, ಸುತ್ತ ಎಷ್ಟು ಗಟ್ಟಿ ಮರ ಉಳಿದಿದೆ, ಬೇರು ಹೇಗಿದೆ, ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂದು. ಇವು ಊಹೆಗೆ ಸಿಗುವ ಪ್ರಶ್ನೆಗಳಲ್ಲ, ಅಳೆದು ಉತ್ತರಿಸಬೇಕಾದವು.

ಮರದ ಒಡಲು ನಮ್ಮ ಒಡಲಿನಂತಲ್ಲ. ಬಡಗಿಗಳು ಚೇಗು ಎನ್ನುವ ನಡುವಿನ ಗಟ್ಟಿ ಭಾಗದಲ್ಲಿ ಜೀವಂತ ಕೋಶಗಳೇ ಇರುವುದಿಲ್ಲ. ಬೇರಿನಿಂದ ಎಲೆಗೆ ನೀರು ಏರುವುದು ತೊಗಟೆಗೆ ಹತ್ತಿರದ ಎಳೆಯ ಪದರಗಳಲ್ಲಿ. ಆದ್ದರಿಂದ ಚೇಗು ಪೂರ್ತಿ ಕೊಳೆತರೂ ನೆತ್ತಿ ಹಸಿರಾಗಿರಬಹುದು, ಹೂ ಬಿಡಬಹುದು, ಕಾಯಿ ಕಚ್ಚಬಹುದು. ಸೊಂಪಾಗಿ ಚಿಗುರಿದ ಮರಕ್ಕೆ ಏನಾಗಿದೆ ಎಂದು ಕೇಳುವವರಿಗೆ ಇದೇ ಉತ್ತರ: ಮರಕ್ಕೆ ಜೀವವಿದೆಯೇ ಎಂಬುದನ್ನು ಎಲೆ ಹೇಳುತ್ತದೆ, ನಿಲ್ಲುವ ಬಲವಿದೆಯೇ ಎಂಬುದನ್ನು ಹೇಳುವುದಿಲ್ಲ. ಅಷ್ಟೇ ಅಲ್ಲ, ಎಲೆ ಹೆಚ್ಚಿದಷ್ಟೂ ಗಾಳಿ ಹಿಡಿಯುವ ಹಾಯಿಯೂ ದೊಡ್ಡದಾಗುತ್ತದೆ. ಇನ್ನೊಂದು ಕಡೆ, ಮರವೂ ಕೊಳೆತಕ್ಕೆ ಸುಮ್ಮನೆ ಶರಣಾಗುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು. ಗಾಯವಾದ ಮರ ನಮ್ಮ ಚರ್ಮದಂತೆ ವಾಸಿಯಾಗುವುದಿಲ್ಲ. ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಕೂಡಿಹಾಕುತ್ತದೆ, ಅದರ ಹೊರಗೆ ಹೊಸ ಮರ ಬೆಳೆಸುತ್ತದೆ. ಗೋಡೆ ಕಟ್ಟುವ ವೇಗವೂ ಅಣಬೆ ತಿನ್ನುವ ವೇಗವೂ ನಡೆಸುವ ಈ ಪಂದ್ಯ ಹತ್ತಾರು ವರ್ಷ ಸಾಗುತ್ತದೆ. ಪೊಟರೆಗೆ ಸಿಮೆಂಟು ತುಂಬುವ ಹಳೆಯ ಪದ್ಧತಿಯನ್ನು ತಿಳಿದವರು ಕೈಬಿಟ್ಟದ್ದು ಈ ಕಾರಣಕ್ಕೇ. ತುಂಬುವ ಮೊದಲು ಒಳಗೆ ಕೆರೆದು ಸ್ವಚ್ಛ ಮಾಡಿದರೆ ಮರ ಕಟ್ಟಿದ ಗೋಡೆಯೇ ಒಡೆಯುತ್ತದೆ. ಮೇಲಾಗಿ ಮರ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ.

ಇನ್ನು ಬಲದ ಲೆಕ್ಕ. ಬಿದಿರು ಟೊಳ್ಳು, ಸೈಕಲ್ಲಿನ ಕೊಳವೆಯೂ ಟೊಳ್ಳು. ಎರಡೂ ಭಾರ ಹೊರುತ್ತವೆ. ಬಾಗುವ ವಸ್ತುವಿನಲ್ಲಿ ಹೆಚ್ಚು ಭಾರ ತಡೆಯುವುದು ಹೊರ ಅಂಚು, ನಡುವಿನದು ಹೆಚ್ಚುಕಡಿಮೆ ಉಂಡಾಡಿ. 60 ಸೆಂಟಿಮೀಟರ್ ಅಡ್ಡಳತೆಯ ಕಾಂಡದ ನಡುವೆ 30 ಸೆಂಟಿಮೀಟರಿನ ದುಂಡನೆಯ ಟೊಳ್ಳು ಇದೆ ಎನ್ನಿ. ಅರ್ಧ ಹೋಯಿತಲ್ಲ ಎಂದು ಗಾಬರಿಯಾಗಬಹುದು. ಬಾಗುವಿಕೆಯನ್ನು ತಾಳುವ ಬಲದಲ್ಲಿ ಹೋದದ್ದು ಶೇ 6ರಷ್ಟು ಮಾತ್ರ. ಟೊಳ್ಳು 42 ಸೆಂಟಿಮೀಟರಿಗೆ ಬೆಳೆದರೆ ನಷ್ಟ ಸುಮಾರು ಶೇ 24. ಅಲ್ಲಿಂದಾಚೆಗೆ ಲೆಕ್ಕ ಜಾರುಬಂಡೆಯಾಗುತ್ತದೆ: 54 ಸೆಂಟಿಮೀಟರಿಗೆ ಬಂದಾಗ ಶೇ 66ರಷ್ಟು ಬಲ ಮಾಯ. ಜರ್ಮನಿಯ ಕಾರ್ಲ್ಸ್‌ರೂಹೆಯ ವಿಜ್ಞಾನಿ ಕ್ಲಾಸ್ ಮಾಟೆಕ್ ನಿಂತ ಮರ, ಮುರಿದ ಮರ ಎರಡನ್ನೂ ಅಳೆದು ಒಂದು ಕೈಲೆಕ್ಕ ಕೊಟ್ಟರು. ಉಳಿದ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಹತ್ತರಲ್ಲಿ ಮೂರು ಪಾಲಿಗಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. ನಮ್ಮ 60 ಸೆಂಟಿಮೀಟರ್ ಕಾಂಡಕ್ಕೆ ಅದು 9 ಸೆಂಟಿಮೀಟರ್. ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಹಿಡಿಯಬಾರದೆಂಬ ಟೀಕೆಯೂ ಇದೆ, ಅದು ನ್ಯಾಯವಾದದ್ದೇ. ನೆತ್ತಿ ಗಿಡ್ಡಗಿರುವ ಮುದಿಮರ ತೆಳು ಗೋಡೆಯಲ್ಲೇ ನಿಲ್ಲಬಹುದು. ಗೋಡೆ ಒಂದು ಕಡೆ ಬಾಯಿಬಿಟ್ಟಿದ್ದರೆ ದಪ್ಪ ಗೋಡೆಯೂ ಸೀಳಬಹುದು. ಆದರೂ ಸಣ್ಣ ಪೊಟರೆ ಕಂಡಕೂಡಲೇ ಗರಗಸ ತರಿಸುವ ಅವಸರಕ್ಕೆ ಈ ಲೆಕ್ಕ ಕಡಿವಾಣ ಹಾಕುತ್ತದೆ. ಹೌರಾದ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡವನ್ನೇ ಅಣಬೆ ತಿಂದುಹಾಕಿ, 1925ರಲ್ಲಿ ಅದನ್ನು ತೆಗೆಯಬೇಕಾಯಿತು. ಮರ ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. ಬಿಳಲಿಲ್ಲದ ಮಳೆಮರಕ್ಕೆ ಆ ಭಾಗ್ಯವಿಲ್ಲ ಎನ್ನುವುದು ಬೇರೆ ಮಾತು.

ಅಳೆಯುವುದು ಎಂದಾಕ್ಷಣ ಯಂತ್ರ ನೆನಪಾಗುತ್ತದೆ, ಆದರೆ ಮೊದಲ ಕೆಲಸ ಕಣ್ಣಿನದು. ಮಳೆ ಬಿದ್ದ ಮೇಲೆ ಬುಡದಲ್ಲಿ ತಟ್ಟೆಯಂತೆ ಹೊರಚಾಚಿದ ಅಣಬೆ ಮೂಡಿದೆಯೇ? ಗ್ಯಾನೊಡರ್ಮಾ ಜಾತಿಯದಾದರೆ ಮೇಲ್ಮೈ ವಾರ್ನಿಷ್ ಬಳಿದಂತೆ ಕೆಂಗಂದು, ಬೆಳೆಯುವ ಅಂಚು ಬಿಳಿ. ಅಡಿಕೆ ತೋಟದವರಿಗೆ ಇದರ ಪರಿಚಯ ಚೆನ್ನಾಗಿದೆ; ಅವರು ಅಣಬೆ ರೋಗ ಎನ್ನುವುದು ಇದರ ಹಾವಳಿಯನ್ನೇ. ಹೊರಗೆ ಕಾಣುವ ಅಣಬೆ ಕಾಯಿಯಿದ್ದಂತೆ, ಅದರ ಗಿಡ ಮರದೊಳಗಿದೆ. ಮುಂಜಾನೆ ಕಸ ಗುಡಿಸುವಾಗ ಅದನ್ನು ಒದ್ದು ಎಸೆದರೆ ಹೋಗುವುದು ಸಾಕ್ಷಿ ಮಾತ್ರ, ರೋಗವಲ್ಲ. ಕಾಂಡದ ಉಬ್ಬು, ಸೀಳು, ಹಳೆಯ ಕೊಂಬೆ ಕಡಿದಲ್ಲಿ ಇಳಿದ ಕಪ್ಪು ರಸ, ಇತ್ತೀಚೆಗೆ ಹೆಚ್ಚಿದ ವಾಲು, ಇವೆಲ್ಲ ಓದಲು ಬರುವವರಿಗೆ ಅಕ್ಷರಗಳು. ಎರಡನೆಯದು ಕೊಡತಿ. ಹಲಸಿನ ಹಣ್ಣು ಬಡಿದು, ಮಡಕೆ ಬಡಿದು ಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಂಡದ ಸುತ್ತ ಒಂದೊಂದು ಗೇಣಿಗೂ ಬಡಿಯುತ್ತ ಹೋದರೆ ಗಟ್ಟಿ ಮರ ಚಿಕ್ಕದಾಗಿ, ಬಿಗಿಯಾಗಿ ಸದ್ದು ಕೊಡುತ್ತದೆ. ಟೊಳ್ಳು ಬಂದಲ್ಲಿ ಸದ್ದು ಡೋಲಿನಂತೆ ಹರಡುತ್ತದೆ. ಟೊಳ್ಳು ಇದೆಯೆಂದು ಕಿವಿ ಹೇಳೀತು, ಗೋಡೆಯ ದಪ್ಪ ಹೇಳಲಾರದು.

ಅದನ್ನು ಹೇಳಲು ಯಂತ್ರ ಬೇಕು. ಶಬ್ದದ ಟೊಮೊಗ್ರಫಿಯಲ್ಲಿ ಕಾಂಡದ ಸುತ್ತ ಒಂದೇ ಎತ್ತರಕ್ಕೆ ಎಂಟೋ ಹನ್ನೆರಡೋ ಚಿಕ್ಕ ಮೊಳೆಗಳನ್ನು ಹೊಡೆದು, ಪ್ರತಿಯೊಂದಕ್ಕೂ ಸಂವೇದಕ ಕಟ್ಟುತ್ತಾರೆ. ಒಂದು ಮೊಳೆಯನ್ನು ಸುತ್ತಿಗೆಯಿಂದ ತಟ್ಟಿದರೆ ಉಳಿದವು ಸದ್ದು ತಮ್ಮನ್ನು ಮುಟ್ಟಿದ ಹೊತ್ತನ್ನು ಸೆಕೆಂಡಿನ ದಶಲಕ್ಷ ಭಾಗಗಳಲ್ಲಿ ಬರೆದುಕೊಳ್ಳುತ್ತವೆ. ಗಟ್ಟಿ ಮರದಲ್ಲಿ ಸದ್ದು ನೆಟ್ಟಗೆ ಹೋಗುತ್ತದೆ. ಟೊಳ್ಳು ಅಡ್ಡ ಬಂದರೆ ಗುಂಡಿ ತಪ್ಪಿಸುವ ಆಟೊದಂತೆ ಬಳಸಿಕೊಂಡು ಹೋಗಬೇಕು, ತಡವಾಗುತ್ತದೆ. ಎಲ್ಲ ಮೊಳೆಗಳನ್ನೂ ತಟ್ಟಿ ಮುಗಿದಾಗ ಕಂಪ್ಯೂಟರು ಆ ತಡಗಳನ್ನು ಕೂಡಿಸಿ ಕಾಂಡದ ಅಡ್ಡಸೀಳಿನ ಬಣ್ಣದ ಚಿತ್ರ ಬಿಡಿಸುತ್ತದೆ. ಈ ಚಿತ್ರವನ್ನು ಫೋಟೊ ಎಂದು ನಂಬಬಾರದು. ಒಳಗಿನ ಒಂದು ಬಿರುಕು ಸದ್ದನ್ನು ತಡೆದರೆ ಚಿತ್ರದಲ್ಲಿ ಅದು ದೊಡ್ಡ ಕೊಳೆತವಾಗಿ ಕಾಣುತ್ತದೆ. ಈಗಷ್ಟೇ ಶುರುವಾದ ಕೊಳೆತ ಕಾಣದೆಯೂ ಹೋದೀತು. ಅನುಮಾನ ಬಂದಲ್ಲಿ ರೆಸಿಸ್ಟೊಗ್ರಾಫ್ ಎಂಬ ಸೂಜಿಯಂತಹ ಬೈರಿಗೆ ಇಳಿಸುತ್ತಾರೆ. ಅದರ ಮೊನೆ 3 ಮಿಲಿಮೀಟರ್ ಅಗಲ. ಒಳಹೋಗುವಾಗ ಮರ ಎಷ್ಟು ತಡೆಯಿತು ಎಂಬುದರ ಗೆರೆ ಏರಿಳಿಯುತ್ತ ಮೂಡುತ್ತದೆ; ಟೊಳ್ಳು ಸಿಕ್ಕಲ್ಲಿ ಗೆರೆ ನೆಲಕ್ಕಿಳಿಯುತ್ತದೆ. ಗೋಡೆಯ ದಪ್ಪ ಅಲ್ಲಿಗೆ ಸೆಂಟಿಮೀಟರಿನಲ್ಲಿ ಕೈಗೆ ಸಿಕ್ಕಂತೆ. ಮರ ಕಟ್ಟಿದ ಗೋಡೆಗೆ ಈ ಸೂಜಿಯೇ ತೂತು ಹೊಡೆಯುವುದಿಲ್ಲವೇ ಎಂದರೆ, ಹೌದು, ಹೊಡೆಯುತ್ತದೆ. ಅದಕ್ಕೇ ಕಂಡ ಮರಕ್ಕೆಲ್ಲ ಚುಚ್ಚಬಾರದು. ಕಡಿಯುವುದೋ ಉಳಿಸುವುದೋ ಎಂಬ ತೀರ್ಮಾನ ಆ ಒಂದು ಗೆರೆಯ ಮೇಲೆ ನಿಂತಾಗ ಮಾತ್ರ ಆ ಗಾಯಕ್ಕೆ ಅರ್ಥವಿದೆ.

ಇಷ್ಟಾದರೂ ಈ ಯಂತ್ರಗಳೆಲ್ಲ ನೋಡುವುದು ಕಾಂಡವನ್ನು. ನಗರದ ಮರಕ್ಕೆ ದೊಡ್ಡ ಪೆಟ್ಟು ಬೀಳುವುದು ನೆಲದಡಿಯಲ್ಲಿ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ಚರಂಡಿ, ಕೇಬಲ್, ಪಾದಚಾರಿ ಮಾರ್ಗಕ್ಕೆಂದು ಅಗೆಯುವುದೂ ಅಲ್ಲೇ. ಬುಡಕ್ಕೆ ಒತ್ತಿ ಒಂದು ಪಕ್ಕದ ಬೇರು ಕತ್ತರಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹಾಸಿದರೆ ಹೊರಗಿನಿಂದ ಏನೂ ಗೊತ್ತಾಗದು. ಕತ್ತರಿಸಿದ ತುದಿಯಿಂದ ಅಣಬೆ ಒಳಹೊಕ್ಕು ಬುಡದತ್ತ ಸರಿಯಲು ವರ್ಷಗಳು ಬೇಕು. ಅಂಥ ಮರ ಬುಡಸಮೇತ ಮಗುಚಿದಾಗ ಕಾಂಡ ಕಲ್ಲಿನಂತೆ ಗಟ್ಟಿಯಾಗಿರಬಹುದು. ಇದಕ್ಕಿರುವುದು ಎಳೆತದ ಪರೀಕ್ಷೆ. ಮೇಲೆ ಹಗ್ಗ ಕಟ್ಟಿ, ಅಳೆದ ಬಲದಲ್ಲಿ ಮೆಲ್ಲಗೆ ಎಳೆದು, ಬುಡ ಎಷ್ಟು ವಾಲಿತೆಂದು ನೋಡುತ್ತಾರೆ. ಬುಡದ ವಾಲು ಕಾಲು ಡಿಗ್ರಿ ದಾಟದಂತೆ ಎಳೆತವನ್ನು ನಿಲ್ಲಿಸಿ, ಬಿರುಗಾಳಿಗೆ ಏನಾದೀತೆಂದು ಲೆಕ್ಕ ಹಾಕುತ್ತಾರೆ. ಬೇರು ಕಡಿಯದಿರುವುದು ಇದಕ್ಕಿಂತ ಅಗ್ಗ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ನಮ್ಮ ಬೀದಿಗಳಲ್ಲಿ ಇಂದಿಗೂ ಕಾಂಡದ ತೊಗಟೆಗೆ ತಾಗುವಂತೆ ಸಿಮೆಂಟು ಮೆತ್ತುವವರಿದ್ದಾರೆ.

ಇದಕ್ಕೆಲ್ಲ ಎದುರು ಬರುವ ಮಾತು ಒಂದೇ: ಮನುಷ್ಯನ ಜೀವ ದೊಡ್ಡದು, ಅನುಮಾನವಿದ್ದರೆ ಕಡಿದುಬಿಡಿ. ಜೀವ ದೊಡ್ಡದೆಂಬುದರಲ್ಲಿ ತಕರಾರಿಲ್ಲ. ಆದರೆ ಅಳೆಯದೆ ಕಡಿದರೆ ಉರುಳುವುದು ಪೊಟರೆ ಕಾಣುವ ಮರ. ಬೇರು ಕತ್ತರಿಸಿಕೊಂಡು ಹಸಿರಾಗಿ ನಿಂತ ಮರ ಬಸ್ ನಿಲ್ದಾಣದ ಮೇಲೆ ಹಾಗೇ ಉಳಿಯುತ್ತದೆ. ಸಾಲಿನ ಒಂದು ಮರ ತೆಗೆದಾಗ ಅದುವರೆಗೆ ಅದರ ಮರೆಯಲ್ಲಿದ್ದ ಪಕ್ಕದ ಮರ ಮೊದಲ ಬಾರಿಗೆ ಪೂರ್ತಿ ಗಾಳಿಗೆ ಒಡ್ಡಿಕೊಳ್ಳುವುದೂ ಉಂಟು. ಸುರಕ್ಷತೆ ಸಿಕ್ಕಿತೆಂಬ ಸಮಾಧಾನ ಸಿಗುತ್ತದೆ, ಸುರಕ್ಷತೆ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಮರ ಬಿದ್ದು ಸಾಯುವ ಸಂಭವವನ್ನು ವರ್ಷಕ್ಕೆ ಕೋಟಿಗೆ ಒಬ್ಬರಂತೆ ಅಂದಾಜಿಸಿ, ನೋಡುವ ಶ್ರಮವನ್ನೆಲ್ಲ ಜನ ಓಡಾಡುವಲ್ಲಿನ ಮರಗಳ ಮೇಲೆ ಹಾಕಬೇಕೆಂದು ಹೇಳುತ್ತಾರೆ. ಆ ಅಂಕಿ ನಮ್ಮದಲ್ಲ, ಆ ವಿವೇಕ ನಮ್ಮದಾಗಬಹುದು. ಉದ್ಯಾನದ ಮೂಲೆಯ ಟೊಳ್ಳು ಮರ ಗಿಳಿಗೂ ಹಾಲಕ್ಕಿಗೂ ಮನೆ, ಅದು ಇರಲಿ. ಶಾಲೆಯ ಗೇಟಿನ ಮೇಲೆ ಬಾಗಿದ ಅಂಥದೇ ಮರವನ್ನು ಈ ವಾರವೇ ಬಡಿದು ನೋಡಬೇಕು. ಲಕ್ಷಗಟ್ಟಲೆ ಮರಗಳಿಗೆ ಯಂತ್ರ ಎಲ್ಲಿಂದ ತರುವುದು ಎಂಬ ಖರ್ಚಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಣ್ಣು ಬಹುಪಾಲು ಮರಗಳನ್ನು ಬದಿಗಿಡುತ್ತದೆ, ಕೊಡತಿ ಇನ್ನಷ್ಟನ್ನು. ಯಂತ್ರದವರೆಗೆ ಬರುವುದು ಕೆಲವೇ. ಹಾಗೆ ಬಂದವುಗಳಲ್ಲೂ ಎಷ್ಟಕ್ಕೋ ನೆತ್ತಿಯ ಭಾರ ಒಂದಿಷ್ಟು ಇಳಿಸಿದರೆ ಸಾಕಾಗುತ್ತದೆ.

ಕರ್ನಾಟಕದಲ್ಲಿ ಮರ ಕಡಿಯಲು ಅನುಮತಿ ಕೊಡುವವರು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನೇಮಕವಾದ ವೃಕ್ಷಾಧಿಕಾರಿ. ನಿಮ್ಮ ಬೀದಿಯ ಮರ ಅಪಾಯಕಾರಿ ಎಂದು ಯಾರಾದರೂ ಅರ್ಜಿ ಹಾಕಿದರೆ ಎರಡೇ ಪ್ರಶ್ನೆ ಕೇಳಿ: ಗೋಡೆ ಎಷ್ಟು ದಪ್ಪ ಉಳಿದಿದೆ, ಬೇರು ನೋಡಿದವರು ಯಾರು? ಹಾಗೆಯೇ ಫೆಬ್ರವರಿಯಲ್ಲಿ, ಗಾಳಿಮಳೆಗೆ ಮುಂಚೆ, ಮನೆ ಮುಂದಿನ ಮರದ ಬುಡಕ್ಕೆ ನೀವೇ ಒಂದು ಸುತ್ತು ಹಾಕಿ. ಅಣಬೆ ಕಂಡರೆ ಕಿತ್ತೆಸೆಯಬೇಡಿ. ಫೋಟೊ ತೆಗೆದು, ದಿನಾಂಕ ಬರೆದು, ವೃಕ್ಷಾಧಿಕಾರಿಗೆ ಕಳುಹಿಸಿ.